ಮಧ್ಯಯುಗದ ಯುರೋಪಿನ ಸಂಗೀತ: ಸ್ವರಲಿಪಿಯಿಂದ ಗಾಯನಕ್ಕೆ

ಮಧ್ಯಯುಗದ ಯುರೋಪಿನ ಸಂಗೀತವು ಹಸ್ತಪ್ರತಿಗಳಲ್ಲಿ ಉಳಿದುಬಂದಿದೆ. ಅದನ್ನು ಹಾಡುತ್ತಿದ್ದ ಪರಂಪರೆ ಮಾತ್ರ ಬಹುಮಟ್ಟಿಗೆ ಕಡಿದುಹೋಗಿದೆ. ಈ ಕಾರಣದಿಂದ ಗಾಯನವೇ ಸಂಶೋಧನೆಯ ಒಂದು ವಿಧಾನವಾಗಬೇಕಾಯಿತು. 1933ರಲ್ಲಿ ಪೌಲ್ ಸಾಖರ್ ಮೊದಲಾದವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿಸಿದ, ಇಂದು ವಿಶ್ವವಿದ್ಯಾಲಯ ಮಟ್ಟದ ಶಿಕ್ಷಣ ನೀಡುವ ಸ್ಕೋಲಾ ಕಾಂಟೋರಮ್ ಬಾಸಿಲಿಯೆನ್ಸಿಸ್ ಈ ದಿಸೆಯಲ್ಲಿ ಉಲ್ಲೇಖನೀಯ. ಅಲ್ಲಿನ ವಿದ್ಯಾರ್ಥಿಗಳು ಆಧುನಿಕ ಮುದ್ರಿತ ಪಾಠಗಳಿಗೆ ಸೀಮಿತರಾಗದೆ ಮೂಲ ಸ್ವರಲಿಪಿಯಿಂದಲೇ ಹಾಡಲು ಕಲಿಯುತ್ತಾರೆ.

ಆರಂಭಕಾಲದ ನ್ಯೂಮ್ ಚಿಹ್ನೆಗಳು ಧಾಟಿಯ ಏರಿಳಿತವನ್ನು ಸೂಚಿಸುತ್ತವೆ, ನಿಖರವಾದ ಸ್ವರಸ್ಥಾನವನ್ನಲ್ಲ. 15ನೆಯ ಶತಮಾನದ ಬಹುಧ್ವನಿ ಗೀತೆಗಳಲ್ಲಿ ಪ್ರತಿ ಧ್ವನಿಯ ಪಾಠವನ್ನೂ ಸಾಮಾನ್ಯವಾಗಿ ಪ್ರತ್ಯೇಕವಾಗಿ ಬರೆಯಲಾಗಿದ್ದು, ಸ್ವರದ ಕಾಲಪ್ರಮಾಣ ಎಷ್ಟೋ ವೇಳೆ ನೆರೆಯ ಸ್ವರಗಳಿಂದ ನಿರ್ಧಾರವಾಗುತ್ತದೆ. ಆದ್ದರಿಂದ ಗಾಯಕನು ಸಹಗಾಯಕರನ್ನು ಆಲಿಸುತ್ತಲೇ ತನ್ನ ಓದನ್ನು ತಿದ್ದಿಕೊಳ್ಳಬೇಕು. ಬರೆಯದೆ ಉಳಿದುದನ್ನು ಊಹೆಯಿಂದ ತುಂಬುವುದು ಅನಿವಾರ್ಯ. ಆ ಊಹೆಯನ್ನು ಇತಿಹಾಸವೆಂದು ಸಾರದಿರುವುದೇ ಈ ಅಧ್ಯಯನದ ಶಿಸ್ತು.