ಚೌದಾರ್ ಕೆರೆಯ ಪ್ರಶ್ನೆ, ಅರ್ಕಾವತಿಯ ನೀರು

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಕುಡಿದು ಕೇಳಿದ್ದು ಒಂದೇ: ಸಾರ್ವಜನಿಕ ನೀರು ಯಾರದು?

ನಮ್ಮ ಬೆಂಗಳೂರು ಗ್ರಾಮಾಂತರಕ್ಕೂ ಅದೇ ಪ್ರಶ್ನೆ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ಹಾದು ಹೋಗುವ ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ ಬೆಂಗಳೂರಿಗೆ ನೀರು ಒಯ್ದರು. ಇವತ್ತು ನದಿ ಬತ್ತಿದೆ, ನಮಗೆ ಬೋರ್‌ವೆಲ್ಲೇ ಗತಿ.

2022ರಲ್ಲಿ ಸರ್ಕಾರ ಡೇಟಾ ಸೆಂಟರ್ ನೀತಿ ತಂತು. ಮರುವರ್ಷ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಿಸ್ತು. ಸರ್ವರ್ ತಂಪು ಮಾಡೋ ಕೂಲಿಂಗ್ ಟವರಲ್ಲಿ ನೀರು ಆವಿಯಾಗಿ ಹೋಗುತ್ತೆ. ಬರದಲ್ಲಿ ಮೊದಲು ಒಣಗೋದು ಪೈಪಿನ ಕೊನೆಯಲ್ಲಿರೋ ನಮ್ಮ ಕೇರಿಯ ನಲ್ಲಿ.

ನಾನೂ ಕಂಪ್ಯೂಟರ್ ಮುಂದೆ ಕೂರೋ ಗುಮಾಸ್ತನೇ, ಡೇಟಾ ಬೇಡ ಅನ್ನಲ್ಲ. ಯಾವ ನೀರು, ದಿನಕ್ಕೆಷ್ಟು ಲೀಟರ್? ಅನುಮತಿಗೆ ಮೊದಲೇ ಗ್ರಾಮಸಭೆ ಮುಂದೆ ಲೆಕ್ಕ ಇಡಿ.