ಕಡಿಮೆ ನಾರಿನ ಪಥ್ಯ: ಪೌಷ್ಟಿಕತೆ ಕುಂದದಂತೆ ಆಹಾರ ಸೇವಿಸುವ ಕ್ರಮ

ಆಹಾರದಲ್ಲಿರುವ ನಾರಿನಂಶವು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳನ್ನು ತಲುಪಿ ಮಲದ ಪ್ರಮಾಣವನ್ನು ಹೆಚ್ಚಿಸುತ್ತದೆ. ಆರೋಗ್ಯವಂತರಿಗೆ ಇದು ಹಿತಕರ. ಆದರೆ ಕರುಳಿನ ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ, ಕರುಳಿನ ಒಂದು ಭಾಗ ಕಿರಿದಾಗಿರುವಾಗ, ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಕಾಯಿಲೆ ಉಲ್ಬಣಗೊಂಡಾಗ, ಕಿಬ್ಬೊಟ್ಟೆಗೆ ವಿಕಿರಣ ಚಿಕಿತ್ಸೆ ಪಡೆಯುವವರಿಗೆ ಭೇದಿಯಾದಾಗ ಹಾಗೂ ಕೊಲೊನೊಸ್ಕೋಪಿ ಪರೀಕ್ಷೆಗೆ ಮುನ್ನ ವೈದ್ಯರು ಕಡಿಮೆ ನಾರಿನ ಪಥ್ಯವನ್ನು ಸೂಚಿಸುವುದುಂಟು. ಸಾಮಾನ್ಯವಾಗಿ ದಿನವೊಂದಕ್ಕೆ 10 ರಿಂದ 15 ಗ್ರಾಂ ನಾರಿನ ಮಿತಿಯನ್ನು ನಿಗದಿಪಡಿಸಲಾಗುತ್ತದೆ.

ಈ ಸೂಚನೆ ಪಡೆದ ಕೆಲವರು ಭಯದಿಂದ ಗಂಜಿ ಮತ್ತು ಬ್ರೆಡ್ ಮಾತ್ರ ಸೇವಿಸುತ್ತಾ ವಾರಗಟ್ಟಲೆ ಕಳೆಯುತ್ತಾರೆ. ಇದರಿಂದ ತೂಕ ಇಳಿದು, ಶಸ್ತ್ರಚಿಕಿತ್ಸೆಯ ಗಾಯ ಮಾಯುವುದು ತಡವಾಗುತ್ತದೆ. ಪಥ್ಯವೆಂದರೆ ಉಪವಾಸವಲ್ಲ. ಕಡಿಮೆ ಮಾಡಬೇಕಾದುದು ನಾರನ್ನೇ ಹೊರತು ಪ್ರೋಟೀನನ್ನಾಗಲಿ, ಒಟ್ಟು ಆಹಾರವನ್ನಾಗಲಿ ಅಲ್ಲ.

ರಾಗಿ, ಅಕ್ಕಿ ಮತ್ತು ಗೋಧಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಅಷ್ಟೇ ತೂಕದ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಸುಮಾರು 3 ಗ್ರಾಂ ನಾರು ಇರುತ್ತದೆ. ಅಂದರೆ 100 ಗ್ರಾಂ ಹಿಟ್ಟಿನ ಒಂದು ಮುದ್ದೆಯೇ ಇಡೀ ದಿನದ ಮಿತಿಯನ್ನು ಬಹುಪಾಲು ತುಂಬಿಬಿಡುತ್ತದೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಮತ್ತು ಗೋಧಿ ಹಿಟ್ಟಿನ ಚಪಾತಿಗೂ ಇದೇ ಮಾತು ಅನ್ವಯಿಸುತ್ತದೆ. ರವೆಯನ್ನು ಬಹುಮಂದಿ ಮೈದಾಕ್ಕೆ ಸಮಾನವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದರಲ್ಲಿ ಮೈದಾಕ್ಕಿಂತ ಹೆಚ್ಚು ನಾರು ಇರುವುದರಿಂದ ಉಪ್ಪಿಟ್ಟನ್ನು ಮಿತವಾಗಿ ಸೇವಿಸುವುದು ಸೂಕ್ತ.

ಮೆತ್ತಗೆ ಬೇಯಿಸಿದ ಅನ್ನ, ಇಡ್ಲಿ, ಮೆಂತ್ಯ ಹಾಕದ ದೋಸೆ, ತೆಂಗಿನತುರಿ ಬೆರೆಸದ ನೀರುದೋಸೆ, ಅಕ್ಕಿ ಶಾವಿಗೆ ಹಾಗೂ ತೆಳು ಅವಲಕ್ಕಿ ಸೇವಿಸಬಹುದಾಗಿದೆ. ಪಡಿತರ ಅಂಗಡಿಯಲ್ಲಿ ದೊರೆಯುವ ಬಿಳಿ ಅಕ್ಕಿಯೇ ಈ ಪಥ್ಯಕ್ಕೆ ಸಾಕು. ದುಬಾರಿ ಅಕ್ಕಿ ಅಥವಾ ಡಬ್ಬಿಯ ಪುಡಿಗಳ ಅಗತ್ಯವಿಲ್ಲ.

ರಾಗಿಯನ್ನು ಬಿಟ್ಟಾಗ ಅದರೊಡನೆ ಸುಣ್ಣದ ಅಂಶವೂ ಹೋಗುತ್ತದೆ ಎಂಬುದನ್ನು ಮರೆಯಬಾರದು. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಈ ಕೊರತೆಯನ್ನು ಹಾಲು, ಮೊಸರು ಮತ್ತು ಮಜ್ಜಿಗೆಯಿಂದ ತುಂಬಿಕೊಳ್ಳತಕ್ಕದ್ದು. ಹಾಲು ಒಗ್ಗದವರಿಗೆ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ರಾಗಿ ಇಲ್ಲದೆ ಊಟವೇ ಸೇರದವರು ವೈದ್ಯರ ಒಪ್ಪಿಗೆ ಪಡೆದು ರಾಗಿಯನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ತೆಗೆದ ಹಾಲಿನಿಂದ ಮಣ್ಣಿ ಮಾಡಿಕೊಳ್ಳಬಹುದು. ಹೊಟ್ಟು ಬಟ್ಟೆಯಲ್ಲೇ ಉಳಿಯುತ್ತದೆ.

ಸಾರು, ಪಲ್ಯ ಮತ್ತು ಹಣ್ಣು

ಸೊಪ್ಪಿನ ಸಾರು, ಮೊಳಕೆ ಕಾಳು, ಅವರೆ, ಹುರುಳಿ, ಕೋಸಂಬರಿ, ಕಡಲೆಕಾಯಿ, ಎಳ್ಳು, ಒಣಕೊಬ್ಬರಿ ಮತ್ತು ತೆಂಗಿನತುರಿಯನ್ನು ಈ ಅವಧಿಯಲ್ಲಿ ವರ್ಜಿಸಬೇಕು. ಕರುಳು ಕಿರಿದಾಗಿರುವವರು ಹಲಸು, ಅನಾನಸ್, ಮುಸುಕಿನ ಜೋಳ, ಅಣಬೆ ಮತ್ತು ಕಿತ್ತಳೆಯ ತೊಳೆಗಳ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು; ಇವುಗಳಿಂದ ಕರುಳು ಕಟ್ಟಿಕೊಳ್ಳುವ ಅಪಾಯವಿದೆ.

ಇದರ ಬದಲಿಗೆ ಸಿಪ್ಪೆ ಮತ್ತು ಬೀಜ ತೆಗೆದ ಸೋರೆಕಾಯಿ, ಬೂದುಗುಂಬಳ, ಸೀಮೆಬದನೆ, ಆಲೂಗಡ್ಡೆ ಹಾಗೂ ಕ್ಯಾರೆಟ್‌ಗಳನ್ನು ಚೆನ್ನಾಗಿ ಬೇಯಿಸಿ ಬಳಸಬಹುದು. ಸಾರಿಗೆ ರುಬ್ಬಿದ ತೆಂಗಿನಕಾಯಿಯ ಬದಲು ಸೋಸಿದ ತೆಂಗಿನಹಾಲು ಸೇರಿಸಿದರೆ ರುಚಿ ಉಳಿಯುತ್ತದೆ. ಟೊಮೆಟೊ ಮತ್ತು ಹುಣಸೆಯ ತಿಳಿಸಾರನ್ನು ಸೋಸಿ ಬಡಿಸಬೇಕು. ಸಿಪ್ಪೆ ತೆಗೆದ ಹೆಸರುಬೇಳೆಯ ತೆಳು ತೊವ್ವೆ ಸ್ವಲ್ಪ ಪ್ರಮಾಣದಲ್ಲಿ ಆಗಬಹುದು.

ಬೇಳೆಕಾಳು ಕಡಿಮೆಯಾದಾಗ ಪ್ರೋಟೀನ್ ಬೇರೆಡೆಯಿಂದ ದೊರೆಯಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಪ್ರೋಟೀನ್ ಇರುತ್ತದೆ. ಮೀನು, ಚರ್ಮ ತೆಗೆದ ಕೋಳಿಮಾಂಸ ಮತ್ತು ಪನೀರ್‌ನಲ್ಲಿ ನಾರು ಇಲ್ಲವೇ ಇಲ್ಲ ಎನ್ನಬಹುದು. ಹಣ್ಣುಗಳ ಪೈಕಿ ಕಳಿತ ಬಾಳೆಹಣ್ಣು ಮತ್ತು ಸಿಪ್ಪೆ ತೆಗೆದು ಬೇಯಿಸಿದ ಸೇಬು ಸೂಕ್ತ. ಸೀಬೆ ಮತ್ತು ಅಂಜೂರ ಬೇಡ.

ಕೊಲೊನೊಸ್ಕೋಪಿಗೆ ಸಿದ್ಧರಾಗುವವರು

ಪಥ್ಯ ಎಷ್ಟು ದಿನ ಹಾಗೂ ತಿಳಿದ್ರವಗಳು ಯಾವಾಗಿನಿಂದ ಎಂಬುದಕ್ಕೆ ಪರೀಕ್ಷೆ ನಡೆಸುವ ಆಸ್ಪತ್ರೆಯ ಲಿಖಿತ ಸೂಚನೆಯೇ ಅಂತಿಮ. ಬೀಟ್‌ರೂಟ್ ಮತ್ತು ಕೆಂಪು ಬಣ್ಣದ ಪಾನೀಯಗಳು ಪರೀಕ್ಷೆಯಲ್ಲಿ ರಕ್ತದಂತೆ ತೋರುವ ಸಂಭವವಿರುವುದರಿಂದ ಅವುಗಳನ್ನು ಸೇವಿಸಬಾರದು.

ಮಧುಮೇಹಿಗಳು ಗಮನಿಸಬೇಕಾದ ಅಂಶ

ನಾರು ಕಡಿಮೆಯಾದ ಅನ್ನವು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮೂರು ದೊಡ್ಡ ಊಟಗಳ ಬದಲು ಐದಾರು ಬಾರಿ ಸ್ವಲ್ಪ ಸ್ವಲ್ಪ ಸೇವಿಸುವುದು, ಅನ್ನದೊಡನೆ ಮೊಸರು ಅಥವಾ ಮೊಟ್ಟೆ ಇರುವಂತೆ ನೋಡಿಕೊಳ್ಳುವುದು ಉತ್ತಮ. ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ವೈದ್ಯರ ಸಲಹೆಯಿಲ್ಲದೆ ಬದಲಿಸತಕ್ಕದ್ದಲ್ಲ.

ಅವಧಿ ಮತ್ತು ಸಲಹೆ

ಹೆಚ್ಚಿನವರಿಗೆ ಈ ಪಥ್ಯವು ತಾತ್ಕಾಲಿಕ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಪಥ್ಯ ಎಂದಿನವರೆಗೆ ಎಂಬುದನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳುವುದು ಅವಶ್ಯಕ. ಹೀಗೆ ಬರೆಸಿಕೊಳ್ಳದವರು ಅನಗತ್ಯವಾಗಿ ವರ್ಷಗಟ್ಟಲೆ ಸೊಪ್ಪು ಕಾಳುಗಳನ್ನು ಬಿಟ್ಟು, ಮಲಬದ್ಧತೆಗೆ ಒಳಗಾಗುವ ಸಾಧ್ಯತೆಯಿದೆ. ಅವಧಿ ಮುಗಿದ ನಂತರ ಹೊಸ ಆಹಾರವನ್ನು ಒಂದೊಂದಾಗಿ, ಎರಡು ಮೂರು ದಿನಗಳ ಅಂತರದಲ್ಲಿ ಸೇರಿಸಿಕೊಳ್ಳಬೇಕು. ಸಂದೇಹವಿದ್ದಲ್ಲಿ ಬಿಡುಗಡೆ ಪತ್ರದೊಂದಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಾಣಬಹುದು.

ಹೊಟ್ಟೆ ಉಬ್ಬರದೊಡನೆ ಪದೇ ಪದೇ ವಾಂತಿ, ಮಲ ಮತ್ತು ವಾಯು ಎರಡೂ ಹೋಗದಿರುವುದು, ಮಲದಲ್ಲಿ ಹೆಚ್ಚು ರಕ್ತ ಅಥವಾ ಜ್ವರದೊಡನೆ ತೀವ್ರ ಹೊಟ್ಟೆನೋವು ಕಂಡುಬಂದಲ್ಲಿ ಮನೆಮದ್ದು ಮಾಡುತ್ತಾ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು. ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಉಚಿತವಾಗಿ ಕರೆ ಮಾಡಬಹುದಾಗಿದೆ.