ಐ5 ಅಂದ್ರೆ ಯಾವ ಐ5? ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ತಲೆಮಾರಿನ ಕಥೆ

ರಾಗಿ ಬಿತ್ತನೆ ಬೀಜಕ್ಕೆ ಹೋದವರು ಬರೀ "ರಾಗಿ ಕೊಡಿ" ಅನ್ನುವುದಿಲ್ಲ. ಜಿಪಿಯು-28 ಇದೆಯಾ, ಎಂಆರ್-6 ಇದೆಯಾ, ಎಂಎಲ್-365 ಬಂದಿದೆಯಾ ಎಂದು ನಂಬರ್ ಹಿಡಿದೇ ಕೇಳುತ್ತೇವೆ. ಎಲ್ಲವೂ ರಾಗಿಯೇ. ಆದರೆ ಬೆಂಕಿ ರೋಗ ತಡೆಯುವುದು ಯಾವುದು, ಬೇಗ ಕಟಾವಿಗೆ ಬರುವುದು ಯಾವುದು ಎಂಬುದು ತಿಳಿಯುವುದು ಆ ನಂಬರಿನಿಂದ.

ಅದೇ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ "ಐ5 ಇದೆಯಾ, ಐ7 ಇದೆಯಾ" ಎಂದಷ್ಟೇ ಕೇಳಿ ಸುಮ್ಮನಾಗುತ್ತೇವೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯಿಂದ ಯಲಹಂಕದ ಕಾಲೇಜುಗಳಿಗೆ ಓದಲು ಬರುವ ಮಕ್ಕಳ ಮನೆಗಳಲ್ಲಿ ಇದು ಸಣ್ಣ ಖರ್ಚಲ್ಲ. ಹಾಲಿನ ದುಡ್ಡು ಕೂಡಿಟ್ಟು, ಸಂಘದಲ್ಲಿ ಸಾಲ ಎತ್ತಿ ತರುವ ವಸ್ತು. ಹೊಸದು ಎಟುಕದಿದ್ದರೆ ಸೆಕೆಂಡ್ ಹ್ಯಾಂಡ್. ಅಲ್ಲೇ ಎಡವುವುದು. ಲ್ಯಾಪ್‌ಟಾಪ್‌ಗಳಿಗೆ ಐ5 ಎಂಬ ಹೆಸರು ಬಂದದ್ದು 2010ರ ಜನವರಿಯಲ್ಲಿ. ಹೆಸರು ವರ್ಷಗಟ್ಟಲೆ ಹಾಗೇ ಉಳಿಯಿತು, ಒಳಗಿನ ಸರಕು ಮಾತ್ರ ಮತ್ತೆ ಮತ್ತೆ ಬದಲಾಯಿತು. ಆ ಬದಲಾವಣೆಯ ಕಥೆ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ.

ಜಾಲಹಳ್ಳಿಯಿಂದ ಶುರು ಮಾಡೋಣ

ನಮ್ಮ ತಾತಂದಿರು ರೇಡಿಯೋವನ್ನೇ "ಟ್ರಾನ್ಸಿಸ್ಟರ್" ಅನ್ನುತ್ತಿದ್ದರು. ನಿಜಕ್ಕೂ ಟ್ರಾನ್ಸಿಸ್ಟರ್ ಎಂದರೆ ಅದರೊಳಗಿದ್ದ ಪುಟ್ಟ ಭಾಗ, ಕರೆಂಟನ್ನು ಬಿಡುವ, ತಡೆಯುವ, ಹೆಚ್ಚಿಸುವ ತೂಬಿನಂಥದ್ದು. ಯಶವಂತಪುರ ದಾಟಿದರೆ ಸಿಗುವ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಬಿಇಎಲ್ ಕಾರ್ಖಾನೆ 1960ರ ದಶಕದಲ್ಲೇ ಟ್ರಾನ್ಸಿಸ್ಟರ್ ತಯಾರಿಸುತ್ತಿತ್ತು. ಒಂದು ಸಣ್ಣ ರೇಡಿಯೋಗೆ ಆರೆಂಟು ಟ್ರಾನ್ಸಿಸ್ಟರ್ ಸಾಕಾಗುತ್ತಿದ್ದವು.

1971ರಲ್ಲಿ ಅಮೆರಿಕದ ಇಂಟೆಲ್ ಕಂಪನಿ 4004 ಎಂಬ ಚಿಪ್ ತಂದಿತು. ಉಗುರಿಗಿಂತ ಚಿಕ್ಕ ಸಿಲಿಕಾನ್ ಬಿಲ್ಲೆಯಲ್ಲಿ 2,300 ಟ್ರಾನ್ಸಿಸ್ಟರ್. ಲೆಕ್ಕ ಮಾಡುವ ಇಂಥ ಚಿಪ್ಪನ್ನೇ ಪ್ರೊಸೆಸರ್ ಅನ್ನುವುದು. 2008ರಲ್ಲಿ ಇಂಟೆಲ್‌ನ ಬೆಂಗಳೂರು ಕೇಂದ್ರದ ಇಂಜಿನಿಯರುಗಳು ವಿನ್ಯಾಸ ಮಾಡಿದ ಜಿಯಾನ್ 7400 ಎಂಬ ಸರ್ವರ್ ಪ್ರೊಸೆಸರ್ ಬಂತು. ಅದರಲ್ಲಿದ್ದದ್ದು 190 ಕೋಟಿ ಟ್ರಾನ್ಸಿಸ್ಟರ್. ಪ್ರತಿ ತಲೆಮಾರಿನಲ್ಲೂ ಟ್ರಾನ್ಸಿಸ್ಟರ್ ಇನ್ನಷ್ಟು ಸಣ್ಣದಾಗಿ, ಅದೇ ಜಾಗದಲ್ಲಿ ಹೆಚ್ಚು ಹಿಡಿಸತೊಡಗಿದವು. ತಲೆಮಾರು ಬದಲಾಗುವುದರ ಮೂಲ ಇಲ್ಲಿದೆ.

ನಡುವೆ ನಮ್ಮ ಭಾಗದಲ್ಲೇ ಒಂದು ಪ್ರಯತ್ನ ನಡೆಯಿತು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಳ್ಳಿಯವರಿಗಾಗಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರ್ ರೂಪಿಸಿದರು. 2004ರಲ್ಲಿ ಬಿಇಎಲ್ ಅದನ್ನು ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ಆರಂಭದ ಬೆಲೆ ಸುಮಾರು 10,000 ರೂಪಾಯಿ. ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಆದರೆ ಅದರೊಳಗಿದ್ದ 206 ಮೆಗಾಹರ್ಟ್ಸ್ ಪ್ರೊಸೆಸರ್ ಆರ್ಮ್ ಎಂಬ ವಂಶದ್ದು. ನೀವು ಇದನ್ನು ಓದುತ್ತಿರುವ ಫೋನಿನ ಪ್ರೊಸೆಸರ್ ಕೂಡ ಬಹುತೇಕ ಅದೇ ವಂಶದ್ದು. ಲ್ಯಾಪ್‌ಟಾಪ್‌ಗಳು ಹಿಡಿದ ದಾರಿ ಬೇರೆ. ಆ ದಾರಿಯಲ್ಲಿ ಕೊಳ್ಳುವವರಿಗೆ ನಂಬರು ದಾರಿ ತಪ್ಪಿಸಿದ ಮೂರು ತಿರುವುಗಳಿವೆ.

ಮೊದಲ ತಿರುವು, 2003: ಗಿಗಾಹರ್ಟ್ಸ್ ಮೋಸ

ಪೆಂಟಿಯಂ 4 ಕಾಲದಲ್ಲಿ ಎಲ್ಲರೂ ನೋಡುತ್ತಿದ್ದದ್ದು ಗಿಗಾಹರ್ಟ್ಸ್ ಒಂದನ್ನೇ. ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ. ಆದರೆ ಲ್ಯಾಪ್‌ಟಾಪಿನಲ್ಲಿ ಅದು ಕಾದು ಕೆಂಡವಾಗುತ್ತಿತ್ತು, ಬ್ಯಾಟರಿ ನಿಲ್ಲುತ್ತಿರಲಿಲ್ಲ. 2003ರ ಮಾರ್ಚ್‌ನಲ್ಲಿ ಇಂಟೆಲ್ ಪೆಂಟಿಯಂ ಎಂ ತಂದಿತು. ಅದರ ವಿನ್ಯಾಸ ಇಸ್ರೇಲ್‌ನ ಕೇಂದ್ರದ್ದು. 1.6 ಗಿಗಾಹರ್ಟ್ಸ್‌ನ ಈ ಚಿಪ್, ಅದಕ್ಕಿಂತ ಬಹಳ ಹೆಚ್ಚು ಗಿಗಾಹರ್ಟ್ಸ್ ಇದ್ದ ಲ್ಯಾಪ್‌ಟಾಪಿನ ಪೆಂಟಿಯಂ 4ಕ್ಕೆ ಸಮನಾಗಿ ಕೆಲಸ ಮಾಡಿತು, ಅದೂ ಕಡಿಮೆ ಕರೆಂಟಿನಲ್ಲಿ.

ಉಳುಮೆಯ ಲೆಕ್ಕದಲ್ಲಿ ನೋಡಿ. ಗಿಗಾಹರ್ಟ್ಸ್ ಎಂದರೆ ಎತ್ತಿನ ನಡಿಗೆ. ಎತ್ತು ಬಿರಬಿರನೆ ನಡೆದರಷ್ಟೇ ಸಾಲದು, ನೇಗಿಲು ಒಂದು ಸಾಲಿಗೆ ಎಷ್ಟು ಮಣ್ಣು ಮಗುಚುತ್ತದೆ ಎಂಬುದೂ ಮುಖ್ಯ. ಹೊಸ ತಲೆಮಾರಿನ ಪ್ರೊಸೆಸರ್‌ನಲ್ಲಿ ನೇಗಿಲು ಅಗಲವಾಗಿರುತ್ತದೆ. ಕೋರ್ ಎಂದರೆ ಹೊಲಕ್ಕೆ ಇಳಿಸಿದ ಎತ್ತಿನ ಜೋಡಿಗಳು ಎಷ್ಟು ಎಂಬುದು. ವಾಟ್ ಎಂದರೆ ಅವಕ್ಕೆ ಬೇಕಾದ ಮೇವು. ಈ ನಾಲ್ಕನ್ನೂ ಒಟ್ಟಿಗೆ ನೋಡಿದಾಗಲೇ ಹೋಲಿಕೆ ಸರಿಯಾಗುವುದು.

ಎರಡನೇ ತಿರುವು, 2017: ಎರಡು ಕೋರ್ ನಾಲ್ಕಾಯಿತು

2010ರಿಂದ ಏಳು ವರ್ಷ, ತೆಳು ಲ್ಯಾಪ್‌ಟಾಪ್‌ಗಳ ಐ5ನಲ್ಲಿ ಇದ್ದದ್ದು ಎರಡೇ ಕೋರ್. ಹೆಸರಿನ ಕೊನೆಗೆ ಯು ಅಕ್ಷರ ಇರುವ ಐ7ನಲ್ಲೂ ಅಷ್ಟೇ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸುಧಾರಣೆ, ಅಷ್ಟೆ. 2017ರಲ್ಲಿ ಎದುರಾಳಿ ಎಎಂಡಿ ಕಂಪನಿ ರೈಜನ್ ಹೆಸರಲ್ಲಿ ಮತ್ತೆ ಪೈಪೋಟಿಗೆ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಇಂಟೆಲ್ 8ನೇ ತಲೆಮಾರು ಬಿಟ್ಟಿತು.

ಹೋಲಿಸಿ ನೋಡಿ. 7ನೇ ತಲೆಮಾರಿನ ಐ5-7200ಯು: ಎರಡು ಕೋರ್, 2.5 ಗಿಗಾಹರ್ಟ್ಸ್. 8ನೇ ತಲೆಮಾರಿನ ಐ5-8250ಯು: ನಾಲ್ಕು ಕೋರ್, 1.6 ಗಿಗಾಹರ್ಟ್ಸ್. ಎರಡಕ್ಕೂ 15 ವಾಟ್. ಗಿಗಾಹರ್ಟ್ಸ್ ಮಾತ್ರ ನೋಡಿದವರು ಹಳೆಯದೇ ವಾಸಿ ಅನ್ನುತ್ತಾರೆ. ಆದರೆ ಎಲ್ಲ ಕೋರ್‌ಗಳಿಗೂ ಕೆಲಸವಿದ್ದಾಗ ಹೊಸದೇ ಮುಂದೆ, ಒಂದೇ ಕೋರ್‌ನ ಕೆಲಸ ಬಂದರೂ ಅದು 3.4 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಹಿಂದಿನ ತಲೆಮಾರಿಗಿಂತ ಶೇ 40ರವರೆಗೆ ವೇಗ ಎಂದು ಕಂಪನಿಯೇ ಹೇಳಿಕೊಂಡಿತ್ತು. ಅಂದರೆ 7ನೇ ತಲೆಮಾರಿನ ಐ7-7500ಯು ಎಂಬ ಎರಡು ಕೋರ್‌ನ ಚಿಪ್ಪಿಗಿಂತ 8ನೇ ತಲೆಮಾರಿನ ಐ5 ಮೇಲು. ಅಂಗಡಿಯಲ್ಲಿ "ಐ7 ಸಾರ್" ಎಂದಾಗ ಇದು ನೆನಪಿರಲಿ.

ಮೂರನೇ ತಿರುವು, 2022ರಿಂದ: ಹೆಸರೇ ಬದಲು

2022ರ 12ನೇ ತಲೆಮಾರಿನಲ್ಲಿ ದೊಡ್ಡ ಕೋರ್, ಸಣ್ಣ ಕೋರ್ ಎಂಬ ಎರಡು ಬಗೆ ಬೆರೆತವು. ಐ3-1215ಯು ಎಂಬ ಅಗ್ಗದ ಚಿಪ್ಪಿನಲ್ಲೂ ಎರಡು ದೊಡ್ಡ, ನಾಲ್ಕು ಸಣ್ಣ, ಒಟ್ಟು ಆರು ಕೋರ್. ಐದಾರು ವರ್ಷ ಹಿಂದಿನ ಯು ಅಕ್ಷರದ ಐ7ನ್ನು ಇದು ಸುಲಭವಾಗಿ ಹಿಂದೆ ಹಾಕುತ್ತದೆ. 2023ರ ಕೊನೆಗೆ ಇಂಟೆಲ್ "ಐ" ಅಕ್ಷರವನ್ನೇ ಕೈಬಿಟ್ಟು ಕೋರ್ ಅಲ್ಟ್ರಾ ಎಂದು ಎಣಿಕೆಯನ್ನು ಮೊದಲಿನಿಂದ ಶುರು ಮಾಡಿತು. ರೈಜನ್ 7000 ಸಾಲಿನಲ್ಲಿ ಇನ್ನೊಂದು ಗೊಂದಲ. ರೈಜನ್ 5 7520ಯು ಮತ್ತು 7540ಯು ಅಕ್ಕಪಕ್ಕದ ನಂಬರು. ಮೂರನೇ ಅಂಕಿ ನೋಡಬೇಕು: 2 ಎಂದರೆ 2019ರ ಕಾಲದ ವಿನ್ಯಾಸ, 4 ಎಂದರೆ ಅದಕ್ಕಿಂತ ಎರಡು ತಲೆಮಾರು ಹೊಸದು.

ಕೊಳ್ಳುವ ಮುಂಚೆ ನೋಡಬೇಕಾದ್ದು

ಲ್ಯಾಪ್‌ಟಾಪ್ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋದರೆ ಪ್ರೊಸೆಸರ್‌ನ ಪೂರ್ತಿ ನಂಬರು, ಕೋರ್ ಎಷ್ಟು ಎಂಬುದು ಕಾಣುತ್ತದೆ. ಮೇಲಿನ ಸ್ಟಿಕ್ಕರ್ ನಂಬಬೇಡಿ. ಐ5ರ ನಂತರದ ಅಂಕಿಯೇ ತಲೆಮಾರು: 4300ಯು ಎಂದರೆ 4ನೆಯದು, 8250ಯು ಎಂದರೆ 8ನೆಯದು. 1ರಿಂದ ಶುರುವಾದರೆ ಎರಡಂಕಿ ಓದಿ: 1135 ಎಂದರೆ 11, 1235 ಎಂದರೆ 12. ಕೊನೆಗೆ ಯು ಇದ್ದರೆ ಕಡಿಮೆ ಕರೆಂಟು, ಎಚ್ ಇದ್ದರೆ ಹೆಚ್ಚು ಶಕ್ತಿ, ಹೆಚ್ಚು ಬಿಸಿ.

8ನೇ ತಲೆಮಾರು ಗಡಿಗಲ್ಲಿನಂತಾಗಲು ಇನ್ನೊಂದು ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದೇ ಬೇಕು. ಹಾಗಾಗಿ ಕಚೇರಿಗಳು ಬಿಟ್ಟುಕೊಟ್ಟ 4, 5, 6ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳು ಕಡಿಮೆ ಬೆಲೆಗೆ ಸಿಕ್ಕರೆ ಅಚ್ಚರಿ ಇಲ್ಲ. ಅವು ಕೆಲಸಕ್ಕೆ ಬಾರದವಲ್ಲ. ಎಸ್‌ಎಸ್‌ಡಿ ಹಾಕಿಸಿ, 8 ಜಿಬಿ ರ್‍ಯಾಮ್ ಇದ್ದು, ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡರೆ ಟೈಪಿಂಗ್, ಅರ್ಜಿ ತುಂಬುವುದು, ಪಾಠದ ವಿಡಿಯೋ ನೋಡುವುದಕ್ಕೆ ಇನ್ನೂ ನಡೆಯುತ್ತವೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆನ್ ಆಗುವ ಹೊತ್ತಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಆದರೆ ಅವಕ್ಕೆ ಕೊಡಬೇಕಾದ್ದು ಹಳೆಯದರ ಬೆಲೆ. ಮಗಳು ಇಂಜಿನಿಯರಿಂಗ್ ಸೇರಿದ್ದರೆ, ಮಗ ವಿಡಿಯೋ ಎಡಿಟಿಂಗ್ ಕಲಿಯುತ್ತಿದ್ದರೆ ನಾಲ್ಕು ಕೋರ್‌ಗಿಂತ ಕಡಿಮೆ ಇರುವುದನ್ನು ತರಬೇಡಿ. ಬರೀ ಓದು ಬರಹಕ್ಕಾದರೆ ಐ7 ಎಂಬ ಹೆಸರಿಗಾಗಿ ನಾಲ್ಕೈದು ಸಾವಿರ ಹೆಚ್ಚು ಸುರಿಯಬೇಕಾದ್ದೂ ಇಲ್ಲ. ಮೊದಲು ಕೆಲಸ ಯಾವುದು ಎಂದು ಮನೆಯಲ್ಲೇ ಕೂತು ಮಾತಾಡಿಕೊಳ್ಳಿ, ಆಮೇಲೆ ಅಂಗಡಿಯಲ್ಲಿ ಪೂರ್ತಿ ನಂಬರು ಕೇಳಿ. ಬಿಲ್ಲಿನಲ್ಲಿ ಬರೀ ಐ5 ಎಂದು ಬರೆಯಲು ಬಿಡದೆ ಆ ನಂಬರನ್ನೇ ಬರೆಸಿಕೊಳ್ಳಿ.